ಥ್ರಾಟಲ್ ಕೇಬಲ್ (ದೋಣಿ ಎಂಜಿನ್)
ದೋಣಿ ನಡೆಸುವವನ ಕೈಹಿಡಿಯ ಚಲನೆಯನ್ನು ಎಂಜಿನ್ನಿನ ಕಾರ್ಬ್ಯುರೇಟರಿಗೆ, ಡೀಸೆಲ್ ಎಂಜಿನ್ನಾದರೆ ಇಂಧನ ಪಂಪಿನ ಲಿವರಿಗೆ, ಮುಟ್ಟಿಸಿ ವೇಗ ಹೆಚ್ಚು ಕಡಿಮೆ ಮಾಡುವ ಉಕ್ಕಿನ ತಂತಿ. ಪ್ಲಾಸ್ಟಿಕ್ ಹೊದಿಕೆಯೊಳಗೆ ಜಾರುತ್ತದೆ. ಸಾಮಾನ್ಯವಾಗಿ ಎಳೆಯುವುದಕ್ಕೂ ತಳ್ಳುವುದಕ್ಕೂ ಒಂದೇ ಕೇಬಲ್. ಹೊಂದಿಸುವಾಗ ಎಂಜಿನ್ ಆರಿಸಿ, ಹಿಡಿಯನ್ನು ನ್ಯೂಟ್ರಲ್‌ಗೆ ತಂದು, ಲಿವರ್ ಐಡಲ್ ಸ್ಕ್ರೂವಿಗೆ ತಾಗಿ ನಿಲ್ಲುವಂತೆ ತುದಿಯ ತಿರುಪನ್ನು ತಿರುಗಿಸಿ ಲಾಕ್ ನಟ್ ಬಿಗಿಯುತ್ತಾರೆ. ಹಿಡಿಯನ್ನು ಪೂರ್ತಿ ಒತ್ತಿದಾಗ ಲಿವರ್ ಕೊನೆಯವರೆಗೆ ಹೋಗಬೇಕು. ಕೇಬಲಿನ ದೊಡ್ಡ ಶತ್ರು ಉಪ್ಪುನೀರು: ಹೊದಿಕೆ ಬಿರಿದಲ್ಲಿ ನುಗ್ಗಿ ತಂತಿಗೆ ತುಕ್ಕು ಹಿಡಿಸುತ್ತದೆ, ಹಿಡಿ ಬಿಗಿಯಾಗುತ್ತದೆ. ಹೊರಗೆ ಕಾಣುವ ತುದಿಗಳಿಗೆ ಗ್ರೀಸ್ ಸಾಕು. ಒಳಗೇ ಬಿಗಿದ ಕೇಬಲಿಗೆ ಎಣ್ಣೆ ಬಿಡುವುದು ತಾತ್ಕಾಲಿಕ, ಬದಲಿಸುವುದೇ ಸರಿ. ಕರಾವಳಿ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ, ಮಂಗಳೂರು ಬಂದರುಗಳಲ್ಲಿ ದೋಣಿಗಳು ದಡದಲ್ಲಿದ್ದಾಗ ಇಂಥ ದುರಸ್ತಿಗೆ ಬಿಡುವು ಸಿಗುತ್ತದೆ.