ಬಚ್ಚಲೊಲೆಗೆ ಹಾಕಿದ ಸೋಪಿನ ಕಾಗದ

ಎನ್ನ ಅತ್ತೆ ಮೈಗೆ ಸೋಪು ಹಾಕಿಗೊಂಡಿದ್ದದು ವರ್ಷಕ್ಕೆ ನಾಕೈದು ಸರ್ತಿ. ಬಾಕಿ ದಿನ ಹಸರ ಹೊಡಿ, ತಲೆಗೆ ದಾಸನ ಸೊಪ್ಪಿನ ಗೊಂಪು. ಸೋಪಿಲಿ ಕೊಬ್ಬು ಇರ್ತು ಹೇಳಿ ಅವರ ವಾದ. ಮೈಸೂರು ಸ್ಯಾಂಡಲ್ ಒಂದಕ್ಕೆ ಮಾಂತ್ರ ರಿಯಾಯಿತಿ.

ಅವು ಹೇಳಿದ್ದು ಸುಮ್ಮನೆ ಅಲ್ಲ. ಎಣ್ಣೆಗೋ ಕೊಬ್ಬಿಂಗೋ ಕ್ಷಾರ ಸೇರ್ಸಿರೆ ಸೋಪು ಆವ್ತು. ವಿಲಾಯತಿ ಸೋಪುಗಳಲ್ಲಿ ಪ್ರಾಣಿಗಳ ಕೊಬ್ಬು, ಟ್ಯಾಲೋ ಹೇಳ್ತವು, ಸಾಮಾನ್ಯ ಆಗಿತ್ತು. ಮೊದಲ ಮಹಾಯುದ್ಧ ಮುಗಿವ ಹೊತ್ತಿಂಗೆ ಅರ್ದೇಶಿರ್ ಗೋದ್ರೆಜ್ ಸಸ್ಯದ ಎಣ್ಣೆದೇ ಸೋಪು ಮಾಡಿ, ಇದರಲ್ಲಿ ಕೊಬ್ಬಿಲ್ಲೆ ಹೇಳಿಯೇ ಮಾರಿದವು.

ಮೈಸೂರಿನ ಕತೆ ಸುರುವಾದ್ದು ಮಡಿಮೈಲಿಗೆಂದ ಅಲ್ಲ, ಮಾರಿ ಹೋಗದ್ದ ಗಂಧದ ಕೊರಡಿಂದ. ಆ ಕೊರಡು ಜರ್ಮನಿಗೆ ಹೋಯ್ಕೊಂಡಿತ್ತು, ಎಣ್ಣೆ ತೆಗದ್ದು ಅಲ್ಲಿ. 1914ರಲ್ಲಿ ಯುದ್ಧ ಬಂತು, ಕೊರಡು ಇಲ್ಲಿಯೇ ರಾಶಿ ಬಿದ್ದತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವು ಸೇರಿ ಇಲ್ಲಿಯೇ ಎಣ್ಣೆ ತೆಗೆಶಿದವು. 1918ರಲ್ಲಿ ಬೆಂಗಳೂರಿಲಿ ಸೋಪಿನ ಕಾರ್ಖಾನೆ ಆತು. ಆ ವಿದ್ಯೆಯ ಇಂಗ್ಲೆಂಡಿಂದ ಕಲ್ತು ಬಂದವು ಎಸ್.ಜಿ. ಶಾಸ್ತ್ರಿಗೊ. ಉದ್ದುರುಟು ಬಿಲ್ಲೆ, ಗುರ್ತಕ್ಕೆ ಶರಭ. ನಮ್ಮ ಕರಾವಳಿ ಅಂಬಗ ಮದ್ರಾಸು ಪ್ರಾಂತ್ಯ. ಮೈಸೂರು ಸೋಪು ನವಗೆ ಹೆರಾಣ ಊರಿನ ಮಾಲು!

1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರಕೆ ಆವ್ತು ಹೇಳಿ ದೇಶ ಇಡೀ ಗಲಾಟೆ ಆತು, ನಿಂಗೊಗೂ ನೆಂಪಿಕ್ಕು. ಅತ್ತೆಯ ಸಂಶಯ ಗಟ್ಟಿ ಆದ್ದು ಅಂಬಗಳೇ.

ಆನು ಮದುವೆ ಆಗಿ ಪಡೀಲಿಂಗೆ ಬಂದದು ಮತ್ತೆ ಹತ್ತು ವರ್ಷ ಕಳುದು. ಒಂದು ಸಂಬಳ, ಏಳು ಜೆನ. ಒಂದು ಗಂಧದ ಸೋಪಿನ ಪೈಸೆಗೆ ಬೇರೆ ಸೋಪು ಎರಡು ಬಕ್ಕು. ಆನು ಕಮ್ಮಿ ಕ್ರಯದ್ದನ್ನೇ ತೆಕ್ಕೊಂಡು ಬಂದು, ಕಾಗದವ ಬಚ್ಚಲೊಲೆಗೆ ಹಾಕುದು. ಅತ್ತೆ ಕೇಳಿರೆ "ಎಣ್ಣೆದೇ ಅತ್ತೇ" ಹೇಳುದು. ಕಾಗದಲ್ಲಿ ಎಂತ ಬರದ್ದವು ಹೇಳಿ ಓದಿದ್ದೇ ಇಲ್ಲೆ. ಓದಿರೆ ಮತ್ತೆ ತಪ್ಪಲೆಡಿಯ.

ಈಗ ಓದ್ತೆ. 'ಸೋಡಿಯಂ ಟ್ಯಾಲೋವೇಟ್' ಹೇಳಿರೆ ಕೊಬ್ಬು, 'ಸೋಡಿಯಂ ಪಾಮೇಟ್' ಹೇಳಿರೆ ತಾಳೆಎಣ್ಣೆ. ಟಿ.ಎಫ್.ಎಂ. ಶೇಕಡಾ 76 ಇದ್ದರೆ ಒಂದನೇ ದರ್ಜೆ. ಕ್ರಯ ಇಳುದಾಂಗೆ ಹೆಚ್ಚಾಗಿ ಅದೂ ಇಳಿತ್ತು. ಮಗಳು ನೋಡುದು ಮೊಲದ ಚಿತ್ರ: ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದವಿಲ್ಲೆ ಹೇಳಿ ಲೆಕ್ಕ. ನಮ್ಮ ದೇಶಲ್ಲಿ ಅದರ 2014ರಲ್ಲೇ ನಿಲ್ಸಿದ್ದವು, ಹಾಂಗೆ ಪ್ರಯೋಗ ಮಾಡಿದ್ದರ ಹೆರಂದ ತಪ್ಪದನ್ನುದೆ. ಆದರೂ ಮೊಲ ಇಪ್ಪ ಡಬ್ಬಿಗೆ ಅದು ಹೆಚ್ಚು ಪೈಸೆ ಕೊಡ್ತು. ತಾಳೆತೋಟಕ್ಕೆ ಕಾಡು ಕಡಿತ್ತವು ಹೇಳಿ ಪಾಮೇಟಿಂಗೂ ಅದರ ಆಕ್ಷೇಪ. ಗಂಧದ ಮರವೂ ಈಗ ಅಪಾಯಲ್ಲಿಪ್ಪ ಮರಂಗಳ ಪಟ್ಟಿಲಿ ಇದ್ದು. ಅತ್ತೆ ಆ ಲೆಕ್ಕ ಕೇಳಿದ್ದವಿಲ್ಲೆ, ಆನುದೆ ಕೇಳಿದ್ದಿಲ್ಲೆ.

ಅತ್ತೆ ಹಾಸಿಗೆ ಹಿಡುದ ಮೇಲೆ ಮೈ ಉದ್ದಿಗೊಂಡಿದ್ದದು ಆನೇ. ಒಂದು ದಿನ ಹೇಳಿದವು, "ಒಲೆಲಿ ಬಣ್ಣದ ಕಾಗದ ಹೊತ್ತುವಗ ವಾಸನೆ ಬತ್ತು ಕೂಸೇ. ಎನಗೆ ಅಂದೇ ಗೊಂತಿತ್ತು."