ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ

ಮತ್ತಿಕೆರೆಯ ಮದುವೆಮನೆಯಾಗಲಿ, ಯಲಹಂಕ ಹಳೇ ಟೌನಿನ ನಾಮಕರಣವಾಗಲಿ, ಊಟದ ಪಂಕ್ತಿ ಏಳುವಷ್ಟರಲ್ಲಿ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ: "ಹುಡುಗಿ ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ." ಹೇಳಿದವರ ಮನಸ್ಸಿನಲ್ಲಿರುವುದು ಹೊಗಳಿಕೆಯೇ. ಪಕ್ಕದಲ್ಲಿ ನಿಂತ ಹದಿನಾರರ ಹುಡುಗಿಯ ಎದೆಗೆ ನಾಟುವುದು ಮಾತ್ರ 'ಲಕ್ಷಣ' ಅಲ್ಲ, 'ಇದ್ರೂ'. ಬೆಳ್ಳಗಿದ್ದಿದ್ದರೆ ಆ ಪ್ರತ್ಯಯದ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ.

ಹದಿಹರೆಯದವರು ತಮ್ಮ ರೂಪವನ್ನು ಹೇಗೆ ಕಾಣುತ್ತಾರೆ, ಆ ನೋಟಕ್ಕೂ ಅವರ ಆತ್ಮವಿಶ್ವಾಸಕ್ಕೂ ನಂಟೇನು ಎಂಬ ಅಧ್ಯಯನಕ್ಕೆ ಈಗ ನೂರು ವರ್ಷ ದಾಟಿದೆ. ಆ ನೂರು ವರ್ಷದ ಬಹುಪಾಲು ಕನ್ನಡಿಯ ಮುಂದೆ ಒಂಟಿಯಾಗಿ ನಿಂತ ಮನಸ್ಸನ್ನು ಅಳೆಯುವುದರಲ್ಲಿ ಕಳೆಯಿತು. ನಮ್ಮ ಮಕ್ಕಳು ಕನ್ನಡಿಯ ಮುಂದೆ ಒಂಟಿಯಾಗಿ ನಿಲ್ಲುವುದು ಕಡಿಮೆ. ಹಿಂದೆ ಅಜ್ಜಿ, ಅತ್ತೆ, ಎದುರುಮನೆಯವರು, 'ನಾಲ್ಕು ಜನ' ನಿಂತಿರುತ್ತಾರೆ. ಇದನ್ನು ಒಪ್ಪಿಕೊಳ್ಳಲು ಈ ಕ್ಷೇತ್ರ ಬಹಳ ಕಾಲ ತೆಗೆದುಕೊಂಡಿತು, ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ ಎಂಬುದು ನನ್ನ ತಿಳಿವು.

ಆರಂಭ ಅಮೆರಿಕದಲ್ಲಿ. ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಎರಡು ಸಂಪುಟಗಳ ಗ್ರಂಥ ಬರೆದು, ಹದಿಹರೆಯವೆಂದರೆ ಬಿರುಗಾಳಿಯ ಕಾಲ ಎಂದು ಸಾರಿದರು. ಆ ಬಿರುಗಾಳಿ ಮೈಯೊಳಗಿನದೋ ಸಮಾಜದ್ದೋ ಎಂದು ಕೇಳಲು ಮಾರ್ಗರೆಟ್ ಮೀಡ್ ಸಮೋವಾ ದ್ವೀಪಕ್ಕೆ ಹೋದರು. 1928ರ ಅವರ ಪುಸ್ತಕದ ವಿವರಗಳ ಬಗ್ಗೆ ಮುಂದೆ ಜಗಳವೇ ನಡೆದರೂ ಪ್ರಶ್ನೆ ಉಳಿದುಕೊಂಡಿತು. 1935ರಲ್ಲಿ ಪಾಲ್ ಶಿಲ್ಡರ್, ನಮ್ಮ ದೇಹದ ಬಗ್ಗೆ ನಮ್ಮೊಳಗೊಂದು ಚಿತ್ರವಿರುತ್ತದೆ, ಅದು ಇತರರ ನೋಟದಿಂದಲೂ ರೂಪುಗೊಳ್ಳುತ್ತದೆ ಎಂದರು. ಮನುಷ್ಯ ತನ್ನನ್ನು ಪಕ್ಕದವರ ಜೊತೆ ಹೋಲಿಸಿಯೇ ಅಳೆದುಕೊಳ್ಳುತ್ತಾನೆ ಎಂದು ಲಿಯಾನ್ ಫೆಸ್ಟಿಂಗರ್ ಸಿದ್ಧಾಂತ ಕಟ್ಟಿದ್ದು 1954ರಲ್ಲಿ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದು ತೀರ್ಪು ಕೊಟ್ಟಾಗ, ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು, ಬಿಳಿ ಗೊಂಬೆಗಳನ್ನು ಮುಂದಿಟ್ಟು ಮಕ್ಕಳೊಂದಿಗೆ ನಡೆಸಿದ ಪ್ರಯೋಗ ವಾದದ ಭಾಗವಾಗಿತ್ತು. ಬಹುಪಾಲು ಕಪ್ಪು ಮಕ್ಕಳು ಬಿಳಿ ಗೊಂಬೆಯನ್ನೇ ಚೆಂದವೆಂದು ಆರಿಸಿಕೊಂಡಿದ್ದರು.

ಆತ್ಮಗೌರವವನ್ನು ಅಂಕಿಗೆ ಇಳಿಸಿದವರು ಮಾರಿಸ್ ರೋಸೆನ್‌ಬರ್ಗ್. ನ್ಯೂಯಾರ್ಕ್ ರಾಜ್ಯದ ಐದು ಸಾವಿರದಷ್ಟು ಹೈಸ್ಕೂಲ್ ಮಕ್ಕಳನ್ನು ಆಧರಿಸಿ 1965ರಲ್ಲಿ ಅವರು ಕೊಟ್ಟ ಹತ್ತು ವಾಕ್ಯಗಳ ಮಾಪಕ ಇಂದಿಗೂ ಜಗತ್ತಿನ ತುಂಬ ಓಡಾಡುತ್ತಿದೆ, ನಮ್ಮ ಕಾಲೇಜುಗಳ ಪ್ರಬಂಧಗಳಲ್ಲೂ. ನಮ್ಮವರೂ ಕೈಕಟ್ಟಿ ಕೂತಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಷ್ಟು ಹಿಂದೆಯೇ ಮನೋವಿಜ್ಞಾನ ವಿಭಾಗ ಕಟ್ಟಿದ್ದರು. 1975ರಲ್ಲಿ ಎಂ. ಬಸವಣ್ಣ ಆತ್ಮವಿಶ್ವಾಸವನ್ನೇ ಅಳೆಯಲು ನೂರು ಹೇಳಿಕೆಗಳ ಪಟ್ಟಿಯೊಂದನ್ನು ರೂಪಿಸಿದರು. ಭಾರತದ ಸಂಶೋಧಕರು ಈಗಲೂ ಅದನ್ನು ಬಳಸುತ್ತಾರೆ.

ಮಾಪಕಗಳ ತೊಡಕು ಎಲ್ಲಿದೆ ಎಂದರೆ, 'ನನ್ನ ಬಗ್ಗೆ ನನಗೆ ತೃಪ್ತಿಯಿದೆ' ಎಂಬಂಥ ವಾಕ್ಯಕ್ಕೆ ಹೆಬ್ಬಾಳದ ಹುಡುಗಿಯೊಬ್ಬಳು 'ಹೌದು' ಎಂದು ಗುರುತು ಹಾಕಬೇಕು. ನಮ್ಮ ಮನೆಗಳಲ್ಲಿ ತೃಪ್ತಿ ಎಂಬುದು ಉಂಡೆದ್ದ ಮೇಲೆ ಹೇಳುವ ಮಾತು. ತನ್ನ ಬಗ್ಗೆಯೇ ತೃಪ್ತಿ ಎಂದರೆ ಜಂಬ. ಜಂಬ ಜಾಸ್ತಿಯಾದರೆ ಬರುವ ಬೈಗುಳ 'ಕೊಬ್ಬು'. ಮೈಯ ಕೊಬ್ಬಿಗೂ ಮನಸ್ಸಿನ ಕೊಬ್ಬಿಗೂ ಕನ್ನಡದಲ್ಲಿ ಒಂದೇ ಪದ. ರೂಪ ಮತ್ತು ಆತ್ಮವಿಶ್ವಾಸ ಎರಡನ್ನೂ ಒಂದೇ ಏಟಿಗೆ ತಗ್ಗಿಸಬಲ್ಲ ಈ ಪದ ನ್ಯೂಯಾರ್ಕಿನ ಪ್ರಶ್ನಾವಳಿಯಲ್ಲಿ ಇರಲು ಸಾಧ್ಯವೇ ಇಲ್ಲ. ಕಡಿಮೆ ಅಂಕ ಪಡೆದ ಹುಡುಗಿಗೆ ಆತ್ಮಗೌರವ ಕಡಿಮೆಯೋ, ವಿನಯ ಕಲಿತದ್ದು ಹೆಚ್ಚೋ ಎಂಬುದನ್ನು ಆ ಹಾಳೆ ಹೇಳುವುದಿಲ್ಲ.

ಬೆಂಗಳೂರನ್ನೇ ಕ್ಷೇತ್ರ ಮಾಡಿಕೊಂಡು ಕುಟುಂಬದ ನೋಟವನ್ನು ಮೊದಲಿಗೆ ದಾಖಲಿಸಿದವರಲ್ಲಿ ಕೆನಡಾದ ಸಮಾಜಶಾಸ್ತ್ರಜ್ಞೆ ಐಲೀನ್ ರಾಸ್ ಒಬ್ಬರು. ಇಲ್ಲಿನ 157 ಹಿಂದೂ ಸ್ತ್ರೀಪುರುಷರನ್ನು ಮಾತಾಡಿಸಿ 1961ರಲ್ಲಿ ನಗರದ ಕುಟುಂಬದ ಬಗ್ಗೆ ಪುಸ್ತಕ ಬರೆದರು. ರೂಪ ಅವರ ವಿಷಯವಾಗಿರಲಿಲ್ಲ. ಆದರೆ ಮಗಳ ಮದುವೆ, ಓದು, ಕೆಲಸಗಳೆಲ್ಲ ಮನೆಮಂದಿಯ ತೀರ್ಮಾನದೊಳಗೆ ಹೇಗೆ ಹೆಣೆದುಕೊಂಡಿದ್ದವು ಎಂಬುದನ್ನು ಅದರಲ್ಲಿ ಓದಿದವರಿಗೆ, 'ಹೆಣ್ಣು ನೋಡುವ ಶಾಸ್ತ್ರ'ದ ಭಾರ ಹದಿಮೂರರ ವಯಸ್ಸಿನಿಂದಲೇ ಹೆಗಲೇರುವುದು ಏಕೆಂದು ತಿಳಿಯುತ್ತದೆ.

1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಹುಟ್ಟಿ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಿಂದ ಮನೋತಜ್ಞರು ಶಾಲೆಗಳಿಗೆ ಬಂದದ್ದು ಮುಂದಿನ ಹೆಜ್ಜೆ. ಮಾಳವಿಕಾ ಕಪೂರ್ ಶಾಲಾಮಕ್ಕಳ ಮಾನಸಿಕ ಆರೋಗ್ಯವನ್ನೇ ತಮ್ಮ ಕೆಲಸವಾಗಿಸಿಕೊಂಡರು. ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದು ಮನಸ್ಸಿನ ಮಾತನ್ನು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವರೆಗೆ ತಂದರು. ಈ ಕೊನೆಯ ಕೆಲಸವನ್ನು ಸಂಶೋಧನೆಯ ಇತಿಹಾಸಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಮೊಡವೆ, ಕೀಳರಿಮೆ, ಕುಳ್ಳು ಎಂಬ ಸಂಕಟಗಳಿಗೆ ಕನ್ನಡದಲ್ಲೇ ಉತ್ತರ ಇದೆ ಎಂಬ ಧೈರ್ಯ ಒಂದು ಪೀಳಿಗೆಗೆ ಬಂದದ್ದು ಅಂಥ ಪುಸ್ತಕಗಳಿಂದ.

ಆಮೇಲೆ 1990ರ ದಶಕ. 1994ರಲ್ಲಿ ಸುಷ್ಮಿತಾ ಸೇನ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಕಿರೀಟ ತೊಟ್ಟರು. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಜೆ.ಎಚ್. ಪಟೇಲರ ಸರ್ಕಾರ ಪರವಾಗಿ ನಿಂತಿತ್ತು. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ, ಎಡ ಬಲಗಳ ಮಹಿಳಾ ಸಂಘಟನೆಗಳು, ಸಂಪ್ರದಾಯವಾದಿಗಳು ಬೇರೆಬೇರೆ ಕಾರಣಕ್ಕೆ ಒಂದೇ ಬೀದಿಯಲ್ಲಿ ನಿಂತು ವಿರೋಧಿಸಿದರು. ಈಜುಡುಗೆಯ ಸುತ್ತು ಸೇಶೆಲ್ಸ್ ದ್ವೀಪಕ್ಕೆ ಹೋಯಿತು. ಮದುರೈಯಲ್ಲಿ ಯುವಕನೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಹೆಣ್ಣಿನ ಮೈ ಸರಕೋ, ಸಂಸ್ಕೃತಿಯೋ, ದೇಶದ ಮಾನವೋ ಎಂದು ವಾರಗಟ್ಟಲೆ ವಾದ ನಡೆದ ಆ ದಿನಗಳಲ್ಲಿ, ಟೀವಿಯ ಮುಂದೆ ಕೂತಿದ್ದ ಹದಿನೈದರ ಹುಡುಗಿಯರಿಗೆ ಏನನ್ನಿಸುತ್ತಿದೆ ಎಂಬ ಪ್ರಶ್ನೆ ವೇದಿಕೆಗೆ ಬರಲಿಲ್ಲ. ಕೇಳಬೇಕಾಗಿದ್ದ ಕ್ಷಣ ಅದೇ ಆಗಿತ್ತು.

ಆ ಪ್ರಶ್ನೆ ಕೇಳಿದ್ದು ಫಿಜಿಯಲ್ಲಿ. 1995ರಲ್ಲಿ ಅಲ್ಲಿನ ಒಂದು ಪ್ರಾಂತ್ಯಕ್ಕೆ ಟೀವಿ ಬಂದಾಗ ಮತ್ತು ಮೂರು ವರ್ಷದ ನಂತರ ಆನ್ ಬೆಕರ್ ಶಾಲಾ ಹುಡುಗಿಯರನ್ನು ಪರೀಕ್ಷಿಸಿದರು. ಮೈಕೈ ತುಂಬಿಕೊಂಡಿರುವುದೇ ಚೆಲುವು ಎನ್ನುತ್ತಿದ್ದ ಸಮಾಜ ಅದು. ಊಟದ ಬಗ್ಗೆ ಅನಾರೋಗ್ಯಕರ ಧೋರಣೆ ತೋರಿದವರ ಪ್ರಮಾಣ ಶೇ 12.7ರಿಂದ ಶೇ 29.2ಕ್ಕೆ ಏರಿತ್ತು. 2002ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನನಗೆ ನಮ್ಮ 'ಸೊರಗು' ಪದ ನೆನಪಾಯಿತು. "ಯಾಕಮ್ಮ, ಸೊರಗಿಹೋಗಿದ್ದೀಯ" ಎಂದು ಅಜ್ಜಿ ಗಲ್ಲ ಹಿಡಿಯುತ್ತಿದ್ದಳು. ಅದು ಮರುಕ. ಇಂದು ಅದೇ ಮಾತಿಗೆ ಮೊಮ್ಮಗಳು "ಹೌದಾ ಅಜ್ಜಿ?" ಎಂದು ಮುಖ ಅರಳಿಸುತ್ತಾಳೆ. ಪದ ಬದಲಾಗಿಲ್ಲ, ಅರ್ಥ ತಿರುಗಿದೆ.

ವೈದ್ಯರ ಕೋಣೆಯಲ್ಲೂ ಅದೇ ತಿರುವು ಕಾಣುತ್ತದೆ. 1995ರಲ್ಲಿ ದೆಹಲಿಯ ವೈದ್ಯರು ಊಟ ಬಿಟ್ಟು ಕೃಶರಾದ ಐವರು ಯುವತಿಯರ ವಿವರ ಪ್ರಕಟಿಸಿ, ಪಾಶ್ಚಾತ್ಯ ಪಠ್ಯಗಳಲ್ಲಿರುವ ದೇಹಬಿಂಬದ ವಿಕಾರ ಇವರಲ್ಲಿ ಇಲ್ಲ ಎಂದರು. ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಕೂಡ 70 ರೋಗಿಗಳಲ್ಲಿ 41 ಮಂದಿಗೆ ದಪ್ಪವಾಗುವ ಭಯವೇ ಇಲ್ಲವೆಂದು ತೋರಿಸಿದ್ದರು. ಹಸಿವು ಬಿಡುವುದಕ್ಕೂ ಒಂದೊಂದು ಸಂಸ್ಕೃತಿಯಲ್ಲಿ ಒಂದೊಂದು ಕಾರಣ. 2012ರಲ್ಲಿ ನಿಮ್ಹಾನ್ಸಿನ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿದಾಗ, ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದೇವೆ ಎಂದಿದ್ದರು. ಇದರ ಜೊತೆಗೇ ನೆನಪಿಡಬೇಕಾದ ಇನ್ನೊಂದು ಲೆಕ್ಕ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು: ಕರ್ನಾಟಕದ ಮಹಿಳೆಯರಲ್ಲಿ ಶೇ 30.1ರಷ್ಟು ಮಂದಿಗೆ ತೂಕ ಹೆಚ್ಚು, ಶೇ 17.2ರಷ್ಟು ಮಂದಿಗೆ ಕಡಿಮೆ. ಒಂದೇ ತರಗತಿಯಲ್ಲಿ 'ಡುಮ್ಮಿ'ಯೂ 'ಕಡ್ಡಿ'ಯೂ ಅಕ್ಕಪಕ್ಕದ ಬೆಂಚಿನಲ್ಲಿ ಅಳುತ್ತಾರೆ.

ಪಶ್ಚಿಮದ ಸಂಶೋಧನೆ ತೂಕದ ಸುತ್ತ ಬೆಳೆದರೆ ನಮ್ಮಲ್ಲಿ ಮುಖ್ಯ ಪ್ರಶ್ನೆ ಬಣ್ಣ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ಬಸವಣ್ಣನವರ ಮಾಪಕ ಬಂದ ವರ್ಷವೇ. ಹುಡುಗರಿಗಾಗಿ ಫೇರ್ ಅಂಡ್ ಹ್ಯಾಂಡ್ಸಮ್ 2005ರಲ್ಲಿ ಬಂತು. ಕವಿತಾ ಇಮ್ಯಾನುಯೆಲ್ 2009ರಲ್ಲಿ ಚೆನ್ನೈನಿಂದ 'ಡಾರ್ಕ್ ಈಸ್ ಬ್ಯೂಟಿಫುಲ್' ಅಭಿಯಾನ ಆರಂಭಿಸಿದರು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದು ಎಂದು ನಿಯಮ ಮಾಡಿತು. 2020ರಲ್ಲಿ ಕ್ರೀಮಿನ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಯಶವಂತಪುರದ ಹುಡುಗಿಯರ ಬಾಯಲ್ಲೂ ಈಗ 'ಬಿಳುಪು' ಕಡಿಮೆ, 'ಗ್ಲೋ' ಹೆಚ್ಚು. ಆಸೆ ಅದೇ.

ಆದರೆ ಸಂಸ್ಕೃತಿ ಎಂದರೆ ಒಂದೇ ದನಿಯಲ್ಲ. ಈ ಊರಿನ ಹೆಸರುಗಳನ್ನೇ ನೋಡಿ. ಬೆಂಗಳೂರು ಕಟ್ಟಿದ ಯಲಹಂಕದ ನಾಡಪ್ರಭು ಕೆಂಪೇಗೌಡ. ಸುತ್ತಲ ಹಳ್ಳಿಗಳ ಹಿರಿಯರಲ್ಲಿ ಕರಿಯಪ್ಪ, ಕಾಳಮ್ಮ, ಕೆಂಚಪ್ಪ. ಕೆಂಪಮ್ಮನೂ ದೇವತೆ, ಕರಿಯಮ್ಮನೂ ದೇವತೆ. ಮಗುವಿಗೆ ದೃಷ್ಟಿಯಾಗದಿರಲೆಂದು ಇಡುವುದು ಕಪ್ಪು ಬೊಟ್ಟು. ಕಪ್ಪಿಗೆ 'ಇದ್ರೂ' ಅಂಟದ ಕನ್ನಡವೊಂದು ನಮ್ಮಲ್ಲೇ ಇತ್ತು. ಕಿರುತೆರೆ ಇದನ್ನು ಅರ್ಧ ನೆನಪಿಸಿಕೊಂಡಿದೆ. 'ಲಕ್ಷಣ' ಧಾರಾವಾಹಿ 2021ರಲ್ಲಿ ಕಪ್ಪು ಹುಡುಗಿಯನ್ನು ನಾಯಕಿ ಮಾಡಿತು, ಆದರೆ ಆ ಕಪ್ಪನ್ನು ಮೇಕಪ್ಪಿನಿಂದ ಬಳಿಯಲಾಗಿತ್ತು. ನಿಜವಾಗಿ ಕಪ್ಪಗಿರುವ ಹುಡುಗಿಗೆ ಆ ಪಾತ್ರ ಸಿಕ್ಕಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ಬೆನ್ನುಗಳು ನೆಟ್ಟಗಾಗುತ್ತಿದ್ದವು!

ಹುಡುಗರ ಬಗ್ಗೆ ಸಂಶೋಧನೆ ಎಚ್ಚೆತ್ತದ್ದು ತಡವಾಗಿ. ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 2000ರಲ್ಲಿ ಗಂಡಸರ ಮೈಕಟ್ಟಿನ ಗೀಳಿನ ಬಗ್ಗೆ ಬರೆದರು. ಆರ್.ಟಿ. ನಗರದ ಜಿಮ್ಮುಗಳಲ್ಲಿ ಪಿಯು ಹುಡುಗರು ಪ್ರೋಟೀನ್ ಪುಡಿಯ ಡಬ್ಬಿ ಹಿಡಿದಿರುವುದನ್ನು ನೋಡಿದವರಿಗೆ ಅದರ ಅರ್ಥ ಗೊತ್ತು. ಬೊಕ್ಕತಲೆಯ ಸಂಕೋಚವನ್ನು ರಾಜ್ ಬಿ. ಶೆಟ್ಟಿ 2017ರ 'ಒಂದು ಮೊಟ್ಟೆಯ ಕಥೆ'ಯಲ್ಲಿ ಹೇಳಿದಷ್ಟು ಮನ ಮುಟ್ಟುವಂತೆ ಯಾವ ಪ್ರಬಂಧವೂ ಹೇಳಿಲ್ಲ. ಗಂಡಸು ಎಂದರೆ ಹೀಗೇ ಎಂಬ ಹುಡುಗರ ಖಚಿತತೆಗೂ ಇದೇ ಊರಿನಲ್ಲಿ ಉತ್ತರವಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊತ್ತವರು ದ್ರೌಪದಿಯಾಗಿ ಸೀರೆ ಉಟ್ಟು, ಬಳೆ ತೊಟ್ಟು ಬರುತ್ತಾರೆ. ಲಕ್ಷಾಂತರ ಜನ ಕೈಮುಗಿಯುತ್ತಾರೆ. ಕರಗ ಮತ್ತು ನಗರದ ನೆನಪಿನ ಬಗ್ಗೆ ಸ್ಮೃತಿ ಶ್ರೀನಿವಾಸ್ 2001ರಲ್ಲಿ ಬರೆದ ಪುಸ್ತಕವನ್ನು ದೇಹಬಿಂಬದ ಸಂಶೋಧಕರೂ ಓದಬೇಕು.

ಉಡುಪಿನ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. 2021ರ ಕೊನೆಗೆ ಉಡುಪಿಯಲ್ಲಿ ಎದ್ದ ಹಿಜಾಬ್ ವಿವಾದದಲ್ಲಿ 2022ರ ಮಾರ್ಚ್ 15ರಂದು ಹೈಕೋರ್ಟು ನಿರ್ಬಂಧವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಸುಲ್ತಾನ್‌ಪಾಳ್ಯದ ಹುಡುಗಿಗೆ ತನ್ನ ತಲೆಯ ಮೇಲಿನ ಬಟ್ಟೆ ಊರೆಲ್ಲ ನೋಡುವ ವಸ್ತುವಾಯಿತು. ಬ್ರಿಟನ್ನಿನ 587 ಮುಸ್ಲಿಂ ಮಹಿಳೆಯರ ನಡುವೆ ವೀರೇನ್ ಸ್ವಾಮಿ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಜಾಬ್ ಧರಿಸುವವರಿಗೆ ತಮ್ಮ ದೇಹದ ಬಗ್ಗೆ ತುಸು ಹೆಚ್ಚು ನೆಮ್ಮದಿ ಇತ್ತು. ವ್ಯತ್ಯಾಸ ದೊಡ್ಡದೇನಲ್ಲ, ಲಂಡನ್ ಸುಲ್ತಾನ್‌ಪಾಳ್ಯವೂ ಅಲ್ಲ. ಆದರೂ ಆ ಹುಡುಗಿಯನ್ನೇ ಕೇಳಿ ತಿಳಿಯಬಹುದಾದ ವಿಷಯ ಇದು ಎಂಬುದನ್ನಾದರೂ ಆ ಅಧ್ಯಯನ ಕಲಿಸುತ್ತದೆ.

ಇತ್ತೀಚಿನ ಹಂತ ಫೋನಿನದು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ತಮ್ಮ ದೇಹದ ಬಗ್ಗೆ ಬೇಸರದಲ್ಲಿದ್ದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿಗೆ ಇನ್‌ಸ್ಟಾಗ್ರಾಮ್ ಆ ಬೇಸರವನ್ನು ಹೆಚ್ಚಿಸುತ್ತದೆ ಎಂದು ಆ ಕಂಪನಿಯದೇ ಒಳಗಿನ ಸಂಶೋಧನೆ ಹೇಳಿದ್ದು 2021ರಲ್ಲಿ ಬಯಲಾಯಿತು. ನಾಲ್ಕು ಜನರ ಜಾಗಕ್ಕೆ ನಾಲ್ಕು ಸಾವಿರ ಜನ ಬಂದರು. 2022ರ ಮೇ ತಿಂಗಳಲ್ಲಿ ಇದೇ ನಗರದಲ್ಲಿ 21ರ ಕಿರುತೆರೆ ನಟಿಯೊಬ್ಬರು ಕೊಬ್ಬು ಕರಗಿಸುವ ಚಿಕಿತ್ಸೆಯ ನಂತರ ತೀರಿಕೊಂಡರು. ಆ ಸುದ್ದಿ ಓದಿದ ದಿನದ ತಳಮಳ ನನ್ನಲ್ಲಿ ಇನ್ನೂ ಇದೆ.

ಪರಿಹಾರಗಳ ಅಧ್ಯಯನವೂ ನಡೆದಿದೆ. ದೆಹಲಿಯ ಶಾಲೆಗಳಲ್ಲಿ ಐದು ಪಾಠಗಳ 'ಕಾನ್ಫಿಡೆಂಟ್ ಮಿ' ಕಾರ್ಯಕ್ರಮ ಮಕ್ಕಳಿಗೆ ತಮ್ಮ ದೇಹದ ಬಗ್ಗೆ ಇದ್ದ ಅಭಿಮಾನವನ್ನು ಹೆಚ್ಚಿಸಿತು. ಅದರ ಹಿಂದಿರುವ ಡವ್, ಬಿಳುಪಿನ ಕ್ರೀಮನ್ನೂ ಮಾರಿದ ಯೂನಿಲಿವರ್‌ನದೇ ಎಂಬುದನ್ನು ಮರೆಯದೆ ಆ ಫಲಿತಾಂಶ ಓದಬೇಕು. ನನಗೆ ಹೆಚ್ಚು ಭರವಸೆ ಕೊಡುವುದು ನಿಮ್ಹಾನ್ಸಿನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರ ಜೀವನಕೌಶಲ ಶಿಕ್ಷಣ. ಪರಿಣತರು ಬಂದುಹೋಗುವ ಬದಲು ಶಾಲೆಯ ಮೇಷ್ಟರುಗಳನ್ನೇ ತಯಾರು ಮಾಡಿದರು. 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಆ ಪಾಠ ಪಡೆದ 605 ಮಕ್ಕಳ ಆತ್ಮಗೌರವ ಪಡೆಯದ 423 ಮಕ್ಕಳಿಗಿಂತ ಚೆನ್ನಾಗಿತ್ತು. 2022ರ ಅಕ್ಟೋಬರಿನಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಯಲಹಂಕದ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲೇ ಹುಟ್ಟಿದ, ಅನುವಾದವಲ್ಲದ ಒಂದು ಪ್ರಶ್ನಾವಳಿ ಬೇಕು. ಅದನ್ನು ಬರೆಯುವವರಿಗೆ ನನ್ನದೊಂದು ಕೋರಿಕೆ. ತೂಕ, ಎತ್ತರ, ಮಾಧ್ಯಮ ಎಲ್ಲ ಆಮೇಲೆ ಬರಲಿ. ಮೊದಲ ಪ್ರಶ್ನೆ ಇದಿರಲಿ: ಮನೆಯಲ್ಲಿ ನಿನ್ನನ್ನು ಏನಂತ ಕರೀತಾರೆ?