ಮೋಡೆಮ್‌ನ ಎರಡು ವೇಗಗಳು

ಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲ ನೆನಪಿದೆಯೇ? 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಅದನ್ನು ಸಾರ್ವಜನಿಕರಿಗೆ ತೆರೆದಾಗ ಮೊದಲು ಸಿಕ್ಕಿದ್ದು ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ. ಬೆಂಗಳೂರಿನ ಸರದಿ ಆಮೇಲೆ. ಹಾಗಾಗಿ ಈ ನಗರಗಳ ಕನ್ನಡಿಗರು ಊರಿನವರಿಗಿಂತ ಒಂದು ಹೆಜ್ಜೆ ಮುಂದು!

ಮೋಡೆಮ್‌ಗೆ ಕೊಡುತ್ತಿದ್ದ ‘ಎಟಿ’ ಆಜ್ಞೆಗಳು 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್‌ನೊಂದಿಗೆ ಬಂದವು. ಎಟಿಡಿಟಿ ಎಂದರೆ ಟೋನ್ ಡಯಲ್, ಎಟಿಡಿಪಿ ಎಂದರೆ ಪಲ್ಸ್. ಪಲ್ಸ್ ಮಾತ್ರ ತಿಳಿದ ಹಳೆಯ ಎಕ್ಸ್‌ಚೇಂಜ್ ಟೋನನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹಲವರನ್ನು ತಬ್ಬಿಬ್ಬುಗೊಳಿಸಿದ್ದು ಪೋರ್ಟ್ ವೇಗ. ಮೋಡೆಮ್ ಸೆಕೆಂಡಿಗೆ 28,800 ಬಿಟ್‌ನದು. ಸೆಟ್ಟಿಂಗ್‌ನಲ್ಲಿ ಮಾತ್ರ 1,15,200 ಇಡಬೇಕು. ಏಕೆ? ಮೊದಲನೆಯದು ಫೋನ್ ತಂತಿಯ ವೇಗ, ಎರಡನೆಯದು ಮೋಡೆಮ್‌ನಿಂದ ಕಂಪ್ಯೂಟರಿಗೆ ಹೋಗುವ ವೇಗ. ವಿ.42ಬಿಸ್ ಎಂಬ ವಿಧಾನ ಬರಹವನ್ನು ನಾಲ್ಕನೇ ಒಂದು ಪಾಲಿನವರೆಗೆ ಕುಗ್ಗಿಸಿ ತಂತಿಗೆ ಬಿಡುತ್ತಿತ್ತು. ಈಚೆಯ ಮೋಡೆಮ್ ಅದನ್ನು ಬಿಡಿಸಿದಾಗ ನಾಲ್ಕು ಪಟ್ಟು. 28,800ನ್ನು ನಾಲ್ಕರಿಂದ ಗುಣಿಸಿ ನೋಡಿ!

ಹಾಗೆಂದು ಎಲ್ಲರೂ ಅಷ್ಟು ಏರಿಸುವಂತಿರಲಿಲ್ಲ. ಹಳೆಯ 8250 ಚಿಪ್ ಒಂದು ಬೈಟ್ ಮಾತ್ರ ಹಿಡಿದಿಡುತ್ತಿತ್ತು. ಕಂಪ್ಯೂಟರ್ ಸ್ವಲ್ಪ ತಡಮಾಡಿದರೂ ಅಕ್ಷರ ನಷ್ಟ. 16550ಎ ಚಿಪ್ 16 ಬೈಟ್ ಹಿಡಿಯುತ್ತಿದ್ದುದರಿಂದ ವೇಗ ತಡೆದುಕೊಳ್ಳುತ್ತಿತ್ತು.

ಪೋರ್ಟನ್ನು 19,200ಕ್ಕೇ ಬಿಟ್ಟರೆ ಕಾಗದ ಬರುವುದು ನಿಧಾನ, ಫೋನ್ ಬಿಲ್ಲು ಏರುವುದು ಮಾತ್ರ ಜೋರು. ದೂರದ ಮಕ್ಕಳ ಇ-ಮೇಲ್‌ಗೆ ಕಾದ ಮನೆಗಳಿಗೆ ಆ ಒಂದು ಅಂಕಿಯ ಬೆಲೆ ಗೊತ್ತಿತ್ತು. ಇಂದು ಆ ಅಂಕಿಯನ್ನು ಯಂತ್ರವೇ ಆರಿಸಿಕೊಳ್ಳುತ್ತದೆ; ಅಂದು ಆರಿಸಬೇಕಾದವರು ನೀವೇ.